ಓದುಗರ ಪ್ರಶ್ನೋತ್ತರ: ಹೊರಟಲ್ಲಿಗೇ ಮರಳುವ ಆಸಿಲೇಟರ್‌ಗಳು

ಕಾನ್ವೇ ಅವರ 'ಲೈಫ್' ಆಟದ ಬಗ್ಗೆ ಬರೆದ ಮೇಲೆ ಬಂದ ಪತ್ರಗಳಲ್ಲಿ ಜಾಸ್ತಿ ಜನ ಕೇಳಿದ್ದು ಆಸಿಲೇಟರ್‌ಗಳ ಬಗ್ಗೆಯೇ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅವಕ್ಕೆ. ಹೊಸಬರಿಗಾಗಿ ನಿಯಮ ಮೊದಲು ಹೇಳಿಬಿಡುತ್ತೇನೆ. ಒಂದು ಚೌಕಳಿ ಹಾಳೆ ಇದೆ ಅಂದುಕೊಳ್ಳಿ. ಪ್ರತಿ ಮನೆಗೂ ಸುತ್ತ ಎಂಟು ನೆರೆಮನೆ. ಒಂದು ಮನೆ ತುಂಬಿರುತ್ತದೆ, ಇಲ್ಲವೇ ಖಾಲಿ ಇರುತ್ತದೆ. ತುಂಬಿದ ಮನೆಯ ಸುತ್ತ ಎರಡು ಅಥವಾ ಮೂರು ತುಂಬಿದ ಮನೆಗಳಿದ್ದರೆ ಅದು ಉಳಿಯುತ್ತದೆ, ಇಲ್ಲದಿದ್ದರೆ ಖಾಲಿಯಾಗುತ್ತದೆ. ಖಾಲಿ ಮನೆಯ ಸುತ್ತ ಸರಿಯಾಗಿ ಮೂರು ತುಂಬಿದ ಮನೆಗಳಿದ್ದರೆ ಅದು ತುಂಬಿಕೊಳ್ಳುತ್ತದೆ. ಎಲ್ಲ ಮನೆಗಳೂ ಒಟ್ಟಿಗೇ ಬದಲಾಗುತ್ತವೆ, ಹಾಗೆ ಒಂದು ಸಲ ಬದಲಾದರೆ ಒಂದು ತಲೆಮಾರು ಮುಗಿದಂತೆ. ಇಷ್ಟೇ ನಿಯಮ. ಕೇಂಬ್ರಿಜ್‌ನಲ್ಲಿದ್ದ ಗಣಿತಜ್ಞ ಜಾನ್ ಕಾನ್ವೇ ಇದನ್ನು ರೂಪಿಸಿದರು. 1970ರ ಅಕ್ಟೋಬರ್‌ನಲ್ಲಿ ಮಾರ್ಟಿನ್ ಗಾರ್ಡ್ನರ್ 'ಸೈಂಟಿಫಿಕ್ ಅಮೆರಿಕನ್' ಪತ್ರಿಕೆಯ ತಮ್ಮ ಅಂಕಣದಲ್ಲಿ ಬರೆದ ಮೇಲೆ ಇದು ಎಲ್ಲ ಕಡೆ ಹರಡಿತು.

ಪ್ರಶ್ನೆ: ಮೂರು ಚುಕ್ಕಿ ಸಾಲಾಗಿ ಇಟ್ಟರೆ ಅಡ್ಡ, ಉದ್ದ, ಅಡ್ಡ, ಉದ್ದ ಅಂತ ಬದಲಾಗುತ್ತಲೇ ಇರುತ್ತದೆ. ಹಾಗೆ ತಿರುಗಬೇಕು ಅಂತ ನಿಯಮದಲ್ಲಿ ಎಲ್ಲೂ ಬರೆದಿಲ್ಲವಲ್ಲ, ಮತ್ತೆ ಅದು ಹೇಗೆ ಆಗುತ್ತದೆ? (ಎಂಟನೇ ತರಗತಿ ವಿದ್ಯಾರ್ಥಿನಿ)

ನೀನೇ ಒಂದು ಸಲ ಎಣಿಸಿ ನೋಡಮ್ಮ, ಗೊತ್ತಾಗಿಬಿಡುತ್ತದೆ. ಮೂರು ಮನೆ ಅಡ್ಡ ಸಾಲಿನಲ್ಲಿವೆ. ತುದಿಯ ಎರಡೂ ಮನೆಗಳಿಗೆ ಪಕ್ಕದಲ್ಲಿ ತುಂಬಿದ ಮನೆ ಒಂದೇ, ಹಾಗಾಗಿ ಎರಡೂ ಖಾಲಿಯಾಗುತ್ತವೆ. ನಡುವಿನದಕ್ಕೆ ಎರಡು ಇವೆ, ಅದು ಉಳಿಯುತ್ತದೆ. ಈಗ ನಡುವಿನ ಮನೆಯ ಸರಿಯಾಗಿ ಮೇಲಿರುವ ಖಾಲಿ ಮನೆ ನೋಡು. ಅದಕ್ಕೆ ಆ ಮೂರೂ ಮನೆಗಳು ನೆರೆ. ಮೂರಾಯಿತಲ್ಲ, ತುಂಬಿಕೊಂಡಿತು. ಕೆಳಗಿನದೂ ಹಾಗೆಯೇ. ಅಡ್ಡ ಇದ್ದದ್ದು ಉದ್ದ ಆಯಿತು. ಹಾಳೆಯನ್ನು ಕಾಲು ಸುತ್ತು ತಿರುಗಿಸಿ ನೋಡಿದರೆ ಮೊದಲಿನ ಚಿತ್ರವೇ ಕಾಣುತ್ತದೆ, ಅಂದಮೇಲೆ ಮುಂದಿನ ತಲೆಮಾರಿನಲ್ಲಿ ಅದು ಮತ್ತೆ ಅಡ್ಡ ಆಗಲೇಬೇಕು. ಇದರ ಹೆಸರು ಬ್ಲಿಂಕರ್.

ಇನ್ನೊಂದು ಮಾತು, ಇದು ಮುಖ್ಯ. ಈ ಹಾಳೆಗೆ ನೆನಪು ಇಲ್ಲ. ಮುಂದಿನ ಚಿತ್ರ ಏನು ಅನ್ನುವುದನ್ನು ಈಗಿನ ಚಿತ್ರ ಒಂದೇ ತೀರ್ಮಾನ ಮಾಡುತ್ತದೆ, ಹಿಂದೆ ಏನಾಗಿತ್ತು ಅನ್ನುವುದು ಲೆಕ್ಕಕ್ಕೇ ಬರುವುದಿಲ್ಲ. ಆದ್ದರಿಂದ ಒಂದು ಚಿತ್ರ ಎರಡನೇ ಸಲ ಹಾಗೇ ಬಂತು ಅಂದರೆ, ಮೊದಲ ಸಲ ಅದರ ನಂತರ ಏನೇನು ಬಂದಿತ್ತೋ ಅದೆಲ್ಲ ಅದೇ ಕ್ರಮದಲ್ಲಿ ಮತ್ತೆ ಬರುತ್ತದೆ, ಕೊನೆಯೇ ಇಲ್ಲದೆ. ಹೀಗೆ ಇದ್ದ ಜಾಗದಲ್ಲೇ ಮೊದಲ ರೂಪಕ್ಕೆ ಮರಳುವ ಚಿತ್ರ ಆಸಿಲೇಟರ್. ಮರಳಲು ಎಷ್ಟು ತಲೆಮಾರು ಬೇಕೋ ಅದು ಅದರ ಅವಧಿ. ನಿನ್ನ ಬ್ಲಿಂಕರ್‌ನ ಅವಧಿ 2.

ಪ್ರಶ್ನೆ: ನಾನೇ ಪ್ರೋಗ್ರಾಂ ಬರೆದೆ. ನಿಯಮ ಸರಿಯಾಗಿದೆ, ಹತ್ತು ಸಲ ನೋಡಿದ್ದೇನೆ. ಆದರೂ ಬ್ಲಿಂಕರ್ ಹಾಕಿದರೆ ಮೂರು ಇದ್ದದ್ದು ನಾಲ್ಕು ಮನೆ ಆಗಿ ಏನೋ ಒಂದು ಆಕಾರ ಬರುತ್ತದೆ. ಎಲ್ಲಿ ತಪ್ಪಿದೆ? (ಎಂಜಿನಿಯರಿಂಗ್ ವಿದ್ಯಾರ್ಥಿ)

ನಾಲ್ಕು ಮನೆ ಅಂದಿರಲ್ಲ, ಅದರಿಂದಲೇ ತಪ್ಪು ಎಲ್ಲಿದೆ ಅಂತ ಗೊತ್ತಾಗುತ್ತದೆ. ನೀವು ಒಂದೇ ಅರೇ (ಎಲ್ಲ ಮನೆಗಳ ಸ್ಥಿತಿ ಬರೆದಿಡುವ ಪಟ್ಟಿ) ಇಟ್ಟುಕೊಂಡು ಓದುವುದನ್ನೂ ಬರೆಯುವುದನ್ನೂ ಅದರಲ್ಲೇ ಮಾಡುತ್ತಿದ್ದೀರಿ. ಮೇಲಿನ ಸಾಲಿನಿಂದ ಶುರು ಮಾಡಿ ಎಡದಿಂದ ಬಲಕ್ಕೆ ಹೋಗುವಾಗ, ನಡುವಿನ ಮನೆಯ ಮೇಲಿರುವುದು ತುಂಬಿಕೊಳ್ಳುತ್ತದೆ, ಅದು ಸರಿಯೇ. ಆದರೆ ನೀವು ಅದನ್ನು ಆ ಕ್ಷಣವೇ ಅರೇಯಲ್ಲಿ ಬರೆದುಬಿಟ್ಟಿರಿ. ಅದರ ಬಲಪಕ್ಕದ ಮನೆಗೆ ಬಂದಾಗ ಕೆಳಗಿನ ಎರಡರ ಜೊತೆ ಈ ಹೊಸದೂ ಸೇರಿ ಮೂರು ಎಣಿಕೆಯಾಗುತ್ತದೆ, ಅದೂ ತುಂಬಿಕೊಳ್ಳುತ್ತದೆ. ಇದು ಆಗಬಾರದಿತ್ತು. ಅಲ್ಲಿಂದ ಮುಂದೆ ಎಲ್ಲ ಎಣಿಕೆಯೂ ಕೆಡುತ್ತದೆ. ನಡುವಿನದಕ್ಕೆ ನಾಲ್ಕು ನೆರೆ ಆಗಿ ಅದು ಹೋಗುತ್ತದೆ, ತುದಿಯವು ಉಳಿದುಕೊಳ್ಳುತ್ತವೆ. ಕೊನೆಗೆ ಮೇಲೆ ಎರಡು, ಕೆಳಗೆ ಎರಡು.

ಎರಡು ಅರೇ ಇಟ್ಟುಕೊಳ್ಳಿ. ಹಳೆಯದರಿಂದ ಓದಿ, ಹೊಸದಕ್ಕೆ ಬರೆಯಿರಿ, ಎಲ್ಲ ಮುಗಿದ ಮೇಲೆ ಅದಲುಬದಲು ಮಾಡಿ. 'ಎಲ್ಲ ಒಟ್ಟಿಗೇ ಬದಲಾಗುತ್ತವೆ' ಅನ್ನುವ ವಾಕ್ಯವೂ ನಿಯಮದ ಒಂದು ಭಾಗವೇ. ಹೊಸ ಪ್ರೋಗ್ರಾಂ ಬರೆದಾಗ ಮೊದಲು ಬ್ಲಿಂಕರ್ ಹಾಕಿ ನೋಡುವುದು ಒಳ್ಳೆಯದು. ಇಂಥ ತಪ್ಪು ಒಂದೇ ತಲೆಮಾರಿನಲ್ಲಿ ಹೊರಬರುತ್ತದೆ.

ಪ್ರಶ್ನೆ: ಅವಧಿ 2ರ ಬ್ಲಿಂಕರ್ ಮತ್ತು ಅವಧಿ 3ರ ಪಲ್ಸರ್ ಎರಡನ್ನೂ ದೂರ ದೂರ ಇಟ್ಟರೆ ಒಟ್ಟು ಚಿತ್ರ 6 ತಲೆಮಾರಿಗೆ ಮರಳುತ್ತದೆ. ಹಾಗಾದರೆ ಅವಧಿ 6ರ ಆಸಿಲೇಟರ್ ಸಿಕ್ಕಿತು ಅಂತಲೇ ಅಲ್ವಾ?

ಲೆಕ್ಕ ಸರಿ. ಆದರೆ ಈ ವಿಷಯದಲ್ಲಿ ಕೆಲಸ ಮಾಡುವವರು ಅದನ್ನು ಒಪ್ಪುವುದಿಲ್ಲ, ನನಗೂ ಒಪ್ಪಿಗೆ ಇಲ್ಲ. ಆ ಚಿತ್ರದ ಯಾವ ಮನೆಯನ್ನೇ ತೆಗೆದುಕೊಳ್ಳಿ, ಅದು ಒಂದೋ ಎರಡಕ್ಕೆ ಮರಳುತ್ತದೆ, ಇಲ್ಲವೇ ಮೂರಕ್ಕೆ. ಆರಕ್ಕೆ ಮರಳುವ ಮನೆ ಅಲ್ಲಿ ಒಂದೂ ಇಲ್ಲ. ಎರಡಕ್ಕೂ ಪರಸ್ಪರ ಸಂಬಂಧವೇ ಇಲ್ಲ, ಸುಮ್ನೆ ಅಕ್ಕಪಕ್ಕ ನಿಂತಿವೆ ಅಷ್ಟೇ. ಒಂದಾದರೂ ಮನೆ ಪೂರ್ತಿ ಅವಧಿ ತೆಗೆದುಕೊಂಡು ಮರಳಬೇಕು ಅನ್ನುವುದು ಷರತ್ತು. ಆ ಷರತ್ತು ಇಲ್ಲದಿದ್ದರೆ ಅವಧಿ ಹುಡುಕುವ ಕೆಲಸ ಲಘುತಮ ಸಾಮಾನ್ಯ ಅಪವರ್ತ್ಯ ತೆಗೆಯುವ ಲೆಕ್ಕವಾಗಿಬಿಡುತ್ತದೆ.

ಇದೇ ಸಂದರ್ಭದಲ್ಲಿ ಎರಡು ಪದ ತಿಳಿದುಕೊಳ್ಳಿ, ಮುಂದೆ ಉಪಯೋಗಕ್ಕೆ ಬರುತ್ತವೆ. ಆಸಿಲೇಟರ್‌ನಲ್ಲಿ ಬದಲಾಗುವ ಮನೆಗಳಿಗೆ ರೋಟರ್ ಅಂತಲೂ, ಯಾವಾಗಲೂ ತುಂಬಿಯೇ ಇರುವ ಮನೆಗಳಿಗೆ ಸ್ಟೇಟರ್ ಅಂತಲೂ ಹೆಸರು. ಬ್ಲಿಂಕರ್‌ನಲ್ಲಿ ನಡುವಿನ ಒಂದು ಮನೆ ಸ್ಟೇಟರ್, ಅದರ ನಾಲ್ಕು ಪಕ್ಕದವು ರೋಟರ್.

ಪ್ರಶ್ನೆ: ಮನಸ್ಸಿಗೆ ಬಂದ ಹಾಗೆ ಚುಕ್ಕಿ ಹಾಕಿ ಬಿಟ್ಟರೆ ಯಾವ ಆಸಿಲೇಟರ್‌ಗಳು ತಾವಾಗಿಯೇ ಬರುತ್ತವೆ?

ಬ್ಲಿಂಕರ್ ಬಂದೇ ಬರುತ್ತದೆ, ಉಳಿದವೆಲ್ಲ ಅದಕ್ಕಿಂತ ಎಷ್ಟೋ ಹಿಂದೆ. ಆಮೇಲೆ ಟೋಡ್, ಬೀಕನ್, ಇವೆರಡರದೂ ಅವಧಿ 2. ನಾಲ್ಕನೆಯದು ಪಲ್ಸರ್. ನನಗೆ ಇದು ಯಾವಾಗಲೂ ಆಶ್ಚರ್ಯ, ಯಾಕೆಂದರೆ ಪಲ್ಸರ್ ಚಿಕ್ಕದೇನಲ್ಲ, ಅದರ ಅತಿ ಚಿಕ್ಕ ರೂಪದಲ್ಲೇ 48 ಮನೆ ತುಂಬಿರುತ್ತವೆ. ಅಷ್ಟು ದೊಡ್ಡದು ಗಲಾಟೆಯ ನಡುವೆ ತಾನಾಗಿ ರೂಪುಗೊಳ್ಳುತ್ತದೆ. ಅದಕ್ಕೆ ಕಾರಣ, ಚಿಕ್ಕ ಚಿಕ್ಕ ಸಮಮಿತಿಯ ಚಿತ್ರಗಳು ಬೆಳೆಯುತ್ತಾ ಹೋಗಿ ಪಲ್ಸರ್ ಆಗುತ್ತವೆ. ಅಂದರೆ ಹುಟ್ಟುವಾಗ 48 ಮನೆ ಬೇಕಿಲ್ಲ.

ಕೈಯಲ್ಲೇ ಮಾಡಿ ನೋಡುವುದಕ್ಕೆ ಒಂದು ಒಳ್ಳೆಯ ಆಟ ಇದೆ. ಒಂದೇ ಸಾಲಿನಲ್ಲಿ ಒತ್ತೊತ್ತಾಗಿ ಮನೆ ತುಂಬಿಸಿ, ಸಂಖ್ಯೆ ಒಂದೊಂದೇ ಹೆಚ್ಚಿಸುತ್ತಾ ಹೋಗಿ. ಒಂದು, ಎರಡು ಇಟ್ಟರೆ ಅಳಿಸಿಹೋಗುತ್ತದೆ. ಮೂರು ಬ್ಲಿಂಕರ್. ನಾಲ್ಕು ಇಟ್ಟರೆ ಅಲುಗಾಡದ ಜೇನುಗೂಡಿನ ಆಕಾರಕ್ಕೆ ಬಂದು ನಿಲ್ಲುತ್ತದೆ. ಐದು ಇಟ್ಟರೆ ನಾಲ್ಕು ಬ್ಲಿಂಕರ್‌ಗಳ ಗುಂಪು. ಆರು ಇಟ್ಟರೆ ಸ್ವಲ್ಪ ಹೊತ್ತು ಆಡಿ ಪೂರ್ತಿ ಮಾಯ! ಹತ್ತು ಇಟ್ಟರೆ ಪೆಂಟಡೆಕಾಥ್ಲಾನ್, ಅವಧಿ 15. ಇದನ್ನು ಕಾನ್ವೇ ಕಂಡುಕೊಂಡದ್ದೇ ಹೀಗೆ, ಹತ್ತರ ಸಾಲನ್ನು ಬೆನ್ನಟ್ಟಿ ಹೋಗಿ. ಅಲ್ಲಿ ಯಾವ ಕ್ರಮವೂ ಕಾಣುವುದಿಲ್ಲ ಅನ್ನುವುದನ್ನು ಗಮನಿಸಿ. ಒಂಬತ್ತರಿಂದ ಹತ್ತಕ್ಕೆ ಏನಾಗುತ್ತದೆ ಅಂತ ಊಹೆ ಮಾಡುವಂತಿಲ್ಲ, ಓಡಿಸಿಯೇ ನೋಡಬೇಕು.

ಐದೇ ಮನೆಯ 'ಆರ್-ಪೆಂಟೋಮಿನೋ' ಅಂತೂ 1103 ತಲೆಮಾರು ಗಲಾಟೆ ಮಾಡಿ ಆಮೇಲೆ ತಣ್ಣಗಾಗುತ್ತದೆ. ಅದು ಬಿಟ್ಟುಹೋಗುವ ವಸ್ತುಗಳಲ್ಲಿ ನಾಲ್ಕು ಬ್ಲಿಂಕರ್ ಇವೆ, ಬೇರೆ ಆಸಿಲೇಟರ್ ಒಂದೂ ಇಲ್ಲ.

ಪ್ರಶ್ನೆ: ನನ್ನ ಸ್ಕ್ರೀನಿನಲ್ಲಿ ಗ್ಲೈಡರ್ ಬಲಗಡೆ ಹೊರಗೆ ಹೋದರೆ ಎಡಗಡೆಯಿಂದ ಒಳಗೆ ಬರುತ್ತದೆ, ಕೆಳಗೆ ಹೋದರೆ ಮೇಲಿಂದ. ಅದು ಮತ್ತೆ ಹೊರಟ ಜಾಗಕ್ಕೇ ಬರುತ್ತದೆ. ಅಂದರೆ ಗ್ಲೈಡರ್ ಕೂಡ ಆಸಿಲೇಟರ್ ತಾನೇ?

ನಿಮ್ಮ ಸ್ಕ್ರೀನಿನಲ್ಲಿ ಹೌದು, ಕೊನೆಯಿಲ್ಲದ ಹಾಳೆಯಲ್ಲಿ ಅಲ್ಲ. ಗ್ಲೈಡರ್ ಐದು ಮನೆಯ ಚಿತ್ರ. ನಾಲ್ಕು ತಲೆಮಾರಿಗೆ ತನ್ನ ಆಕಾರಕ್ಕೆ ಮರಳುತ್ತದೆ, ಆದರೆ ಅಷ್ಟರಲ್ಲಿ ಓರೆಯಾಗಿ ಒಂದು ಮನೆ ಸರಿದಿರುತ್ತದೆ. ಆಕಾರ ಮರಳಿತು, ಜಾಗ ಮರಳಲಿಲ್ಲ. ಅದಕ್ಕೇ ಅದನ್ನು ಆಸಿಲೇಟರ್ ಅನ್ನದೆ ಸ್ಪೇಸ್‌ಶಿಪ್ ಗುಂಪಿಗೆ ಸೇರಿಸುತ್ತಾರೆ. ಅಂಚುಗಳನ್ನು ಸೇರಿಸಿಬಿಟ್ಟರೆ ಕಥೆ ಬೇರೆ. 40 ಅಡ್ಡ 40ರ ಸ್ಕ್ರೀನಿನಲ್ಲಿ ಒಂಟಿ ಗ್ಲೈಡರ್ 160 ತಲೆಮಾರಿಗೆ ಸರಿಯಾಗಿ ಹೊರಟಲ್ಲಿಗೆ ಬರುತ್ತದೆ. ಅಗಲ 40, ಎತ್ತರ 30 ಇದ್ದರೆ ಎರಡೂ ದಿಕ್ಕಿನಲ್ಲಿ ಏಕಕಾಲಕ್ಕೆ ಸುತ್ತು ಮುಗಿಯಬೇಕು, ಅದಕ್ಕೆ 120 ಹೆಜ್ಜೆ ಬೇಕು, ಅಂದರೆ 480 ತಲೆಮಾರು.

ಇದರ ಹಿಂದೆ ಇನ್ನೂ ದೊಡ್ಡ ವಿಷಯ ಇದೆ. ಹಾಳೆಗೆ ಕೊನೆ ಇದೆ ಅಂದಮೇಲೆ ಅದರ ಮೇಲೆ ಬರೆಯಬಹುದಾದ ಚಿತ್ರಗಳಿಗೂ ಒಂದು ಲೆಕ್ಕ ಇದೆ. 5 ಅಡ್ಡ 5ರ ಹಾಳೆಯಲ್ಲಿ 25 ಮನೆ, ಪ್ರತಿಯೊಂದಕ್ಕೂ ಎರಡು ಸ್ಥಿತಿ, ಒಟ್ಟು ಚಿತ್ರಗಳು 3,35,54,432. ನೀವು ಯಾವುದರಿಂದಲೇ ಶುರು ಮಾಡಿ, ಅಷ್ಟು ತಲೆಮಾರು ಮುಗಿಯುವ ಹೊತ್ತಿಗೆ ಹಳೆಯ ಚಿತ್ರವೊಂದು ಎರಡನೇ ಸಲ ಬರಲೇಬೇಕು, ಹೊಸದು ಉಳಿದಿರುವುದಿಲ್ಲ. ಒಂದು ಸಲ ಬಂತು ಅಂದರೆ ಅಲ್ಲಿಂದ ಸುತ್ತು ಶುರು. ಅಂದರೆ ಕೊನೆ ಇರುವ ಯಾವ ಹಾಳೆಯಲ್ಲೂ, ಯಾವ ನಿಯಮ ಇಟ್ಟರೂ, ಅದರಲ್ಲಿ ಅದೃಷ್ಟದಾಟ ಇಲ್ಲದಿದ್ದರೆ ಸಾಕು, ಕೊನೆಗೆ ಎಲ್ಲವೂ ನಿಲ್ಲುತ್ತದೆ ಅಥವಾ ಸುತ್ತುತ್ತದೆ. ಆದರೆ ನೀವು ಶುರು ಮಾಡಿದ ಚಿತ್ರವೇ ಮರಳುತ್ತದೆ ಅಂತ ಹೇಳಲಾಗುವುದಿಲ್ಲ. ಲೈಫ್‌ನಲ್ಲಿ ಬೇರೆ ಬೇರೆ ಚಿತ್ರಗಳು ಮುಂದೆ ಹೋಗಿ ಒಂದೇ ಚಿತ್ರವಾಗುತ್ತವೆ, ಹಾಗಾಗಿ ಹಿಂದಿನ ದಾರಿ ಅಳಿಸಿಹೋಗುತ್ತದೆ. ಯಾವ ಚಿತ್ರದಿಂದಲೂ ಹುಟ್ಟದ ಚಿತ್ರಗಳೂ ಇವೆ. ಅಂಥದ್ದರಿಂದ ಶುರು ಮಾಡಿದರೆ ಅದು ಇನ್ನೆಂದೂ ಬರುವುದಿಲ್ಲ.

ಪ್ರಶ್ನೆ: ಗ್ಲೈಡರ್ ಹಾರಿಸುವ 'ಗನ್' 30 ತಲೆಮಾರಿಗೊಮ್ಮೆ ಅದೇ ಆಕಾರಕ್ಕೆ ಬರುತ್ತದಂತೆ. ಅದು ಆಸಿಲೇಟರ್ ಪಟ್ಟಿಗೆ ಯಾಕೆ ಸೇರುವುದಿಲ್ಲ?

ಗನ್ನಿನ ದೇಹ ಮರಳುತ್ತದೆ, ಆದರೆ ಪ್ರತಿ 30 ತಲೆಮಾರಿಗೆ ಹಾಳೆಯ ಮೇಲೆ ಹೊಸದೊಂದು ಗ್ಲೈಡರ್ ಸೇರಿರುತ್ತದೆ. ಒಟ್ಟು ಚಿತ್ರ ಬೆಳೆಯುತ್ತಲೇ ಹೋಗುತ್ತದೆ. ಆ ಗ್ಲೈಡರ್‌ಗಳ ದಾರಿಯಲ್ಲಿ 'ಈಟರ್' ಅನ್ನುವ ಅಲುಗಾಡದ ಚಿಕ್ಕ ಚಿತ್ರವೊಂದನ್ನು ಇಡಿ. ಅದು ಬಂದ ಗ್ಲೈಡರನ್ನು ನುಂಗಿ ತಾನು ಮೊದಲಿನ ಹಾಗೇ ಆಗುತ್ತದೆ. ಈಗ ಇಡೀ ಜೋಡಣೆ ಅವಧಿ 30ರ ಆಸಿಲೇಟರ್!

ಗನ್ನಿನ ಒಳಗೆ ಏನಿದೆ ಅನ್ನುವುದು ಇನ್ನೂ ಚೆಂದ. 'ಕ್ವೀನ್ ಬೀ' ಅನ್ನುವ ಚಿತ್ರವೊಂದಿದೆ. ಅದು ಒಂದು ಕಡೆಗೆ ಓಡುತ್ತದೆ, ತಿರುಗುತ್ತದೆ, ತಿರುಗುವಾಗ ಹಿಂದೆ ಒಂದು ಜೇನುಗೂಡು ಬಿಟ್ಟು ವಾಪಸ್ ಬರುತ್ತದೆ. ಆ ಕಡೆಯೂ ಹಾಗೇ ತಿರುಗಿ ಮತ್ತೆ ಬಂದಾಗ ತಾನೇ ಬಿಟ್ಟ ಜೇನುಗೂಡಿಗೆ ಡಿಕ್ಕಿ ಹೊಡೆದು ಹಾಳಾಗುತ್ತದೆ. ಬಿಲ್ ಗಾಸ್ಪರ್ ಏನು ಮಾಡಿದರು ಅಂದರೆ, ಎರಡೂ ತುದಿಗೆ ಒಂದೊಂದು ಬ್ಲಾಕ್, ಅಂದರೆ ನಾಲ್ಕು ಮನೆಯ ಚೌಕ, ಇಟ್ಟರು. ಬ್ಲಾಕು ಆ ಜೇನುಗೂಡನ್ನು ಅಳಿಸಿ ತಾನು ಹಾಗೇ ಉಳಿಯುತ್ತದೆ. ದಾರಿ ಸ್ವಚ್ಛ, ಕ್ವೀನ್ ಬೀ ಎಷ್ಟು ಹೊತ್ತಾದರೂ ಹೋಗಿಬರುತ್ತಾ ಇರಬಹುದು. ಹೋಗಿಬರಲು 30 ತಲೆಮಾರು. ಇಂಥ ಎರಡನ್ನು ಸರಿಯಾದ ಅಂತರದಲ್ಲಿ ಎದುರುಬದುರು ಮಾಡಿದಾಗ ಅವುಗಳ ಡಿಕ್ಕಿಯಿಂದ ಗ್ಲೈಡರ್ ಹೊರಬಿತ್ತು. ಅದು 1970ರ ನವೆಂಬರ್. ಯಾವ ಚಿತ್ರವೂ ಕೊನೆಯಿಲ್ಲದೆ ಬೆಳೆಯಲಾರದು ಅಂತ ಕಾನ್ವೇ ಊಹಿಸಿ, ಅದನ್ನು ಸರಿ ಅಥವಾ ತಪ್ಪು ಅಂತ ತೋರಿಸಿದವರಿಗೆ 50 ಡಾಲರ್ ಬಹುಮಾನ ಇಟ್ಟಿದ್ದರು. ಅದು ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿದ್ದ ಗಾಸ್ಪರ್ ತಂಡಕ್ಕೆ ಹೋಯಿತು.

ಆಸಿಲೇಟರ್ ನೋಡುವಾಗ ಅದರ ಅಂದಕ್ಕಿಂತ ಮೊದಲು ನಾನು ಹುಡುಕುವುದು ಇದನ್ನೇ: ಇದನ್ನು ಮೊದಲಿನ ಸ್ಥಿತಿಗೆ ಮರಳಿಸುತ್ತಿರುವುದು ಯಾವುದು? ಬ್ಲಿಂಕರ್‌ನಲ್ಲಿ ಅದು ಸಮಮಿತಿ. ಕ್ವೀನ್ ಬೀಯಲ್ಲಿ ಕಸ ತೆಗೆಯುವ ಬ್ಲಾಕು.

ಪ್ರಶ್ನೆ: 1, 2, 3, 4… ಹೀಗೆ ಪ್ರತಿಯೊಂದು ಸಂಖ್ಯೆಯ ಅವಧಿಗೂ ಆಸಿಲೇಟರ್ ಇದೆಯೇ? ಇದ್ದರೆ ಅದನ್ನು ಹೇಗೆ ಸಾಧಿಸಿದರು? (ಗಣಿತ ಉಪನ್ಯಾಸಕರು)

ಇದೆ ಸಾರ್. ಅದು ಪೂರ್ತಿ ಸಾಬೀತಾಗಿದ್ದು 2023ರಲ್ಲಿ, ಆಟ ಪ್ರಕಟವಾಗಿ ಐವತ್ತಕ್ಕೂ ಹೆಚ್ಚು ವರ್ಷ ಆದ ಮೇಲೆ. ಎಲ್ಲ ಅವಧಿಯೂ ಸಿಗುವ ಇಂಥ ನಿಯಮಕ್ಕೆ ಓಮ್ನಿಪೀರಿಯಾಡಿಕ್ ಅನ್ನುತ್ತಾರೆ.

ಇದರಲ್ಲಿ ಸೋಜಿಗ ಏನೆಂದರೆ ದೊಡ್ಡ ಅವಧಿಗಳೇ ಸುಲಭ. ಒಂದು ಗ್ಲೈಡರ್ ಬಿಡಿ, ದಾರಿಯಲ್ಲಿ ಅದನ್ನು ತಿರುಗಿಸುವ ರಿಫ್ಲೆಕ್ಟರ್ ಇಡಿ. ನಾಲ್ಕು ಕಡೆ ಇಟ್ಟರೆ ಗ್ಲೈಡರ್ ಆಯತಾಕಾರದಲ್ಲಿ ಸುತ್ತಿ ಹೊರಟಲ್ಲಿಗೇ ಬರುತ್ತದೆ. ಆಯತದ ಎದುರುಬದುರು ಎರಡು ಬದಿಗಳನ್ನು ಒಂದು ಹೆಜ್ಜೆ ಉದ್ದ ಮಾಡಿದರೆ ಸುತ್ತಿಗೆ ಎಂಟು ತಲೆಮಾರು ಜಾಸ್ತಿಯಾಗುತ್ತದೆ, ಯಾಕೆಂದರೆ ಗ್ಲೈಡರ್‌ಗೆ ಒಂದು ಹೆಜ್ಜೆಗೆ ನಾಲ್ಕು ತಲೆಮಾರು ಬೇಕು. ಒಂದೇ ಸುತ್ತಿನಲ್ಲಿ ಸಮ ಅಂತರದಲ್ಲಿ ಹಲವು ಗ್ಲೈಡರ್‌ಗಳನ್ನೂ ಬಿಡಬಹುದು. ಆಗ ಸುತ್ತಿನ ಒಟ್ಟು ಸಮಯವನ್ನು ಗ್ಲೈಡರ್‌ಗಳ ಸಂಖ್ಯೆಯಿಂದ ಭಾಗಿಸಿದರೆ ಬರುವುದೇ ಅವಧಿ. ಉದ್ದವೂ ನಮ್ಮ ಕೈಯಲ್ಲಿ, ಸಂಖ್ಯೆಯೂ ನಮ್ಮ ಕೈಯಲ್ಲಿ. ಅಂದಮೇಲೆ ದೊಡ್ಡ ಅವಧಿ ಯಾವುದು ಬೇಕಾದರೂ ಹೊಂದಿಸಿಕೊಳ್ಳಬಹುದು.

ತೊಡಕು ಇರುವುದು ರಿಫ್ಲೆಕ್ಟರ್‌ನಲ್ಲಿ. ಒಂದು ಗ್ಲೈಡರ್ ಬಂದು ಹೊಡೆದರೆ ಅದು ಕಲಕಿಹೋಗುತ್ತದೆ, ಮತ್ತೆ ಸರಿಹೋಗಲು ಸಮಯ ಬೇಕು. ಅಷ್ಟರೊಳಗೆ ಇನ್ನೊಂದು ಬಂದರೆ ಎಲ್ಲ ಹಾಳು. ಹಾಗಾಗಿ ರಿಫ್ಲೆಕ್ಟರ್ ಎಷ್ಟು ಬೇಗ ಚೇತರಿಸಿಕೊಳ್ಳುತ್ತದೆ ಅನ್ನುವುದರ ಮೇಲೆ ನಮ್ಮ ಮಿತಿ ನಿಂತಿದೆ. 1996ರಲ್ಲಿ ಡೇವಿಡ್ ಬಕಿಂಗ್‌ಹ್ಯಾಮ್ 'ಹರ್ಷೆಲ್' ಅನ್ನುವ ಚಿತ್ರವನ್ನು ಅಲುಗಾಡದ ತುಣುಕುಗಳ ನಡುವೆ ಕೊಳವೆಯಲ್ಲಿ ಹರಿಸಿದಂತೆ ಹರಿಸಿ, 61 ಮತ್ತು ಅದಕ್ಕೂ ಮೇಲಿನ ಎಲ್ಲ ಅವಧಿಗಳನ್ನೂ ಒಂದೇ ಏಟಿಗೆ ಗೆದ್ದರು. 2013ರಲ್ಲಿ ಮೈಕ್ ಪ್ಲೇಲ್ 'ಸ್ನಾರ್ಕ್' ಅನ್ನುವ ರಿಫ್ಲೆಕ್ಟರ್ ಕಂಡುಹಿಡಿದರು. ಅದು 43 ತಲೆಮಾರಿಗೆ ಸರಿಹೋಗುತ್ತದೆ. ಮಿತಿ 43ಕ್ಕೆ ಇಳಿಯಿತು. ಇಂಥ ಒಂದೇ ಒಂದು ಶೋಧದಿಂದ ಎಷ್ಟು ದೊಡ್ಡ ಪ್ರದೇಶ ಮುಗಿಯುತ್ತದೆ ನೋಡಿ, ನನಗೆ ಇಡೀ ಕಥೆಯಲ್ಲಿ ತುಂಬಾ ಇಷ್ಟವಾದ ಭಾಗ ಇದು.

ಅದರ ಕೆಳಗಿನವುಗಳಿಗೆ ಈ ಉಪಾಯ ನಡೆಯುವುದಿಲ್ಲ, ಒಂದೊಂದನ್ನೂ ಬೇರೆಯಾಗಿಯೇ ಹುಡುಕಬೇಕು. 2000ದ ಹೊತ್ತಿಗೆ ಇನ್ನೂ ಹನ್ನೆರಡು ಅವಧಿಗಳು ಸಿಕ್ಕಿರಲಿಲ್ಲ. ಹುಡುಕುವ ಒಂದು ಮುಖ್ಯ ದಾರಿ ಹೀಗೆ: ಗಲಾಟೆ ಮಾಡುವ ಒಂದು ಚಿಕ್ಕ ಚಿತ್ರವನ್ನು ನಡುವೆ ಇಟ್ಟು, ಸುತ್ತ ಅಲುಗಾಡದ ತುಣುಕುಗಳನ್ನು ಬೇರೆ ಬೇರೆ ಜಾಗದಲ್ಲಿಟ್ಟು, ಆ ತುಣುಕುಗಳು ಪೆಟ್ಟು ತಿಂದೂ ಸರಿಹೋಗಿ ನಡುವಿನದನ್ನು ಮೊದಲಿನ ರೂಪಕ್ಕೆ ತಳ್ಳುತ್ತವೆಯೇ ಅಂತ ಕಂಪ್ಯೂಟರಿನಲ್ಲಿ ನೋಡುವುದು. ಕ್ವೀನ್ ಬೀಗೆ ಬ್ಲಾಕು ಇಟ್ಟದ್ದೂ ಇದೇ ಉಪಾಯವೇ ತಾನೇ. ಆದರೆ ಇಲ್ಲಿ ಸಾಧ್ಯತೆಗಳು ಕೈಯಲ್ಲಿ ಎಣಿಸಲಾರದಷ್ಟು. ಕೊನೆಗೆ ಉಳಿದದ್ದು ಎರಡೇ, 19 ಮತ್ತು 41. ಎರಡೂ 2023ರಲ್ಲಿ ಬಿದ್ದವು. 19ನ್ನು ಮಿಚೆಲ್ ರೈಲಿ ಕಂಡುಹಿಡಿದರು. ಅದರ ಹೆಸರು ಕ್ರಿಬೇಜ್. ಆ ಹೆಸರಿನ ಇಸ್ಪೀಟು ಆಟದಲ್ಲಿ ಒಂದು ಕೈಯಿಂದ ಎಂದೂ ಬರಲಾರದ ಅಂಕ 19, ಅದಕ್ಕೇ ಆ ಹೆಸರು. 41ನ್ನು ಅದೇ ವರ್ಷದ ಜುಲೈನಲ್ಲಿ ನಿಕೋ ಬ್ರೌನ್ ಕಂಡುಹಿಡಿದರು, ಅಲ್ಲಿಗೆ ಪಟ್ಟಿ ಮುಗಿಯಿತು. ಡಿಸೆಂಬರ್‌ನಲ್ಲಿ ಏಳು ಜನ ಸೇರಿ ಇಡೀ ಇತಿಹಾಸವನ್ನು ಪ್ರಬಂಧವಾಗಿ ಬರೆದು ಪ್ರಕಟಿಸಿದರು.

ಪ್ರಶ್ನೆ: ಒಂದೇ ಒಂದು ಮನೆಯೂ ಉಳಿಯದೆ, ಎಲ್ಲ ಸತ್ತು ಎಲ್ಲ ಹೊಸದಾಗಿ ಹುಟ್ಟುವ ಆಸಿಲೇಟರ್ ಇರಲು ಸಾಧ್ಯವೇ?

ಸಾಧ್ಯ. ಅಂಥವಕ್ಕೆ ಫೀನಿಕ್ಸ್ ಅಂತ ಹೆಸರು. ಮೊದಲನೆಯದು 1971ರ ಡಿಸೆಂಬರ್‌ನಲ್ಲಿ ಎಂಐಟಿಯಲ್ಲಿ ಸಿಕ್ಕಿತು. ಹನ್ನೆರಡು ಮನೆ, ಅವಧಿ 2. ಪ್ರತಿ ತಲೆಮಾರಿನಲ್ಲೂ ಆ ಹನ್ನೆರಡೂ ಖಾಲಿಯಾಗಿ ಬೇರೆ ಹನ್ನೆರಡು ತುಂಬುತ್ತವೆ. ಅದಕ್ಕೆ ಸ್ಟೇಟರ್ ಅನ್ನುವುದೇ ಇಲ್ಲ.

ಪ್ರಶ್ನೆ: ಇದೆಲ್ಲ ಆಟ ಸರಿ. ಪ್ರಕೃತಿಯಲ್ಲಿ ಮತ್ತೆ ಮತ್ತೆ ಆಗುವ ಸಂಗತಿಗಳನ್ನು ಇಂಥ ಚೌಕಗಳಿಂದ ಯಾರಾದರೂ ವಿವರಿಸಿದ್ದಾರೆಯೇ?

ವಿವರಿಸಿದ್ದಾರೆ, ಆದರೆ ಲೈಫ್ ನಿಯಮದಿಂದ ಅಲ್ಲ. 1978ರಲ್ಲಿ ಗ್ರೀನ್‌ಬರ್ಗ್ ಮತ್ತು ಹೇಸ್ಟಿಂಗ್ಸ್ ಒಂದು ಸರಳ ನಿಯಮ ಕೊಟ್ಟರು. ಮನೆಗೆ ಮೂರು ಸ್ಥಿತಿ: ಸುಮ್ಮನಿರುವುದು, ಕೆರಳಿರುವುದು, ದಣಿದಿರುವುದು. ಸುಮ್ಮನಿರುವ ಮನೆಯ ಪಕ್ಕ ಕೆರಳಿದ್ದು ಒಂದಾದರೂ ಇದ್ದರೆ ಅದೂ ಕೆರಳುತ್ತದೆ. ಕೆರಳಿದ್ದು ಮುಂದಿನ ಹೆಜ್ಜೆಗೆ ದಣಿಯುತ್ತದೆ, ದಣಿದದ್ದು ಆಮೇಲೆ ಸುಮ್ಮನಾಗುತ್ತದೆ. ಹೃದಯದ ಸ್ನಾಯುವಿನಲ್ಲಿ ಸಾಗುವ ವಿದ್ಯುತ್ ಅಲೆಗೂ, ಬೆಲೂಸೋವ್–ಜಬೊಟಿನ್ಸ್ಕಿ ಎಂಬ ರಾಸಾಯನಿಕ ಕ್ರಿಯೆಯಲ್ಲಿ ಬಣ್ಣ ಬದಲಾಗುತ್ತಾ ಹರಡುವ ಅಲೆಗೂ ಮೂಲ ಸ್ವಭಾವ ಇದೇ.

ಮನೆಗಳನ್ನು ಉಂಗುರದಂತೆ ಜೋಡಿಸಿ, ಒಂದನ್ನು ಕೆರಳಿಸಿ, ಅದರ ಒಂದು ಪಕ್ಕದ್ದನ್ನು ದಣಿದ ಸ್ಥಿತಿಯಲ್ಲಿಡಿ. ದಣಿದ ಕಡೆಗೆ ಅಲೆ ಹೋಗಲಾರದು, ಇನ್ನೊಂದು ಕಡೆಗೆ ಮಾತ್ರ ಹೋಗುತ್ತದೆ. ಉಂಗುರದಲ್ಲಿ ಇಪ್ಪತ್ತು ಮನೆ ಇದ್ದರೆ ಇಪ್ಪತ್ತು ಹೆಜ್ಜೆಗೆ ಸುತ್ತು ಬಂದು ಮತ್ತೆ ಶುರು. ಹಾಳೆಯ ಮೇಲೆ ಇದೇ ಅಲೆ ಸುರುಳಿಯಾಗಿ ಸುತ್ತುತ್ತಾ, ಹೊರಗಿನಿಂದ ಯಾರೂ ತಟ್ಟದೆ, ತಾನಾಗಿ ನಡೆಯುತ್ತಲೇ ಇರುತ್ತದೆ. ಗ್ಲೈಡರ್ ಆಯತದಲ್ಲಿ ಸುತ್ತಿದ್ದಕ್ಕೂ ಇದಕ್ಕೂ ಉಪಾಯ ಒಂದೇ, ಅವಧಿಯನ್ನು ತೀರ್ಮಾನ ಮಾಡುವುದು ದಾರಿಯ ಉದ್ದ.

ಪ್ರಶ್ನೆ: ಒಂದು ಚಿತ್ರ ಕೊನೆಗೆ ಆಸಿಲೇಟರ್ ಆಗುತ್ತದೋ ಇಲ್ಲವೋ, ಆದರೆ ಅವಧಿ ಎಷ್ಟು ಅನ್ನುವುದನ್ನು ಪ್ರೋಗ್ರಾಂ ಮೂಲಕ ಹೇಗೆ ಕಂಡುಹಿಡಿಯುವುದು? ನಾನು ತುಂಬಿದ ಮನೆಗಳ ಸಂಖ್ಯೆ ಎಣಿಸಿ ಅದು ಮರಳುತ್ತದೆಯೇ ಅಂತ ನೋಡುತ್ತಿದ್ದೇನೆ.

ಸಂಖ್ಯೆಯನ್ನು ನಂಬಬೇಡಿ. ಬ್ಲಿಂಕರ್‌ನಲ್ಲಿ ಯಾವಾಗಲೂ ಮೂರೇ ಮನೆ, ನಿಮ್ಮ ಪ್ರೋಗ್ರಾಂ ಅದನ್ನು ಅವಧಿ 1 ಅನ್ನುತ್ತದೆ. ಗ್ಲೈಡರ್‌ನಲ್ಲಿ ಯಾವಾಗಲೂ ಐದೇ, ಅದು ಓಡಿಹೋಗುತ್ತಿದ್ದರೂ ನಿಂತಿದೆ ಅನ್ನುತ್ತದೆ. ಇಡೀ ಚಿತ್ರವನ್ನೇ ಹೋಲಿಸಬೇಕು. ತುಂಬಿದ ಮನೆಗಳ ಜಾಗಗಳನ್ನೆಲ್ಲ ಸೇರಿಸಿ ಪ್ರತಿ ತಲೆಮಾರಿಗೂ ಒಂದು ಹ್ಯಾಶ್, ಅಂದರೆ ಇಡೀ ಚಿತ್ರದ ಗುರುತಿನಂಥ ಒಂದು ಸಂಖ್ಯೆ, ಲೆಕ್ಕ ಮಾಡಿ, ತಲೆಮಾರಿನ ಸಂಖ್ಯೆಯ ಜೊತೆ ಇಟ್ಟುಕೊಳ್ಳಿ. ಹಳೆಯ ಹ್ಯಾಶ್ ಮತ್ತೆ ಬಂದರೆ ಎರಡು ಚಿತ್ರಗಳನ್ನೂ ಮನೆಮನೆಯಾಗಿ ಒಮ್ಮೆ ತಾಳೆ ನೋಡಿ ಖಾತ್ರಿ ಮಾಡಿಕೊಳ್ಳಿ, ಎರಡು ತಲೆಮಾರುಗಳ ವ್ಯತ್ಯಾಸವೇ ಅವಧಿ. ಮೆಮೊರಿ ಸಾಲದಿದ್ದರೆ ಎರಡು ಪ್ರತಿ ಓಡಿಸಿ, ಪ್ರತಿ ಸಲ ಒಂದು ಪ್ರತಿ ಒಂದು ತಲೆಮಾರು ಮುಂದೆ ಹೋಗಲಿ, ಇನ್ನೊಂದು ಎರಡು ತಲೆಮಾರು. ಸುತ್ತು ಇದ್ದರೆ ಎರಡೂ ಎಲ್ಲೋ ಒಂದು ಕಡೆ ಸಿಗುತ್ತವೆ. ಸಿಕ್ಕ ಮೇಲೆ ಒಂದನ್ನು ನಿಲ್ಲಿಸಿ ಇನ್ನೊಂದನ್ನು ಒಂದೊಂದೇ ಹೆಜ್ಜೆ ನಡೆಸಿ, ಮತ್ತೆ ಸೇರುವವರೆಗೆ ಎಣಿಸಿ.

ಮೊದಲ ಅರ್ಧ ಪ್ರಶ್ನೆಗೆ ಉತ್ತರ ಕಠಿಣ. ಯಾವುದೇ ಚಿತ್ರ ಕೊಟ್ಟರೂ ಅದು ಕೊನೆಗೆ ಸುತ್ತಿಗೆ ಬೀಳುತ್ತದೆಯೇ ಅಂತ ತೀರ್ಪು ಹೇಳುವ ಪ್ರೋಗ್ರಾಂ ಇರಲಾರದು. ಲೈಫ್ ಹಾಳೆಯ ಮೇಲೆ ಪೂರ್ತಿ ಕಂಪ್ಯೂಟರನ್ನೇ ಕಟ್ಟಬಹುದು, ಹಾಗಾಗಿ 'ಈ ಪ್ರೋಗ್ರಾಂ ಎಂದಾದರೂ ನಿಲ್ಲುತ್ತದೆಯೇ' ಅನ್ನುವ, ಯಾವ ಪ್ರೋಗ್ರಾಮಿಗೂ ಬಗೆಹರಿಯದು ಅಂತ ಗಣಿತಜ್ಞ ಅಲನ್ ಟ್ಯೂರಿಂಗ್ ತೋರಿಸಿದ ಪ್ರಶ್ನೆಯೇ ಇಲ್ಲಿ ಬಂದು ಕೂರುತ್ತದೆ.

ಪ್ರಶ್ನೆ: ತರಗತಿಯಲ್ಲಿ ಮಕ್ಕಳ ಕೈಯಲ್ಲಿ ಪಲ್ಸರ್ ಮಾಡಿಸಬೇಕು ಅಂತಿದ್ದೇನೆ. 48 ಮನೆ ಎಣಿಸುವಾಗ ತಪ್ಪುತ್ತದೆ. ಸುಲಭದ ದಾರಿ ಇದೆಯೇ? (ಪ್ರೌಢಶಾಲಾ ಶಿಕ್ಷಕಿ)

ಇದೆ ಮೇಡಂ. ಕಾಲು ಭಾಗ ಮಾತ್ರ ಮಾಡಿಸಿ, ಸಾಕು. ಪಲ್ಸರ್‌ನ ನಡುವೆ ಅಡ್ಡಕ್ಕೆ ಒಂದು, ಉದ್ದಕ್ಕೆ ಒಂದು ಖಾಲಿ ಗೆರೆ ಇದೆ. ಅದರ ಎರಡೂ ಕಡೆ ಒಂದೇ ಥರ, ಕನ್ನಡಿ ಇಟ್ಟ ಹಾಗೆ. ಗೆರೆಯ ಮೇಲಿನ ಒಂದು ಖಾಲಿ ಮನೆಗೆ ಈ ಕಡೆ ಎಷ್ಟು ನೆರೆ ಇವೆಯೋ ಆ ಕಡೆಯೂ ಅಷ್ಟೇ. ಒಟ್ಟು ಯಾವಾಗಲೂ ಸಮಸಂಖ್ಯೆ. ಹುಟ್ಟಲು ಬೇಕಾದದ್ದು ಮೂರು, ಅದು ಬೆಸ. ಹಾಗಾಗಿ ಆ ಗೆರೆಗಳು ಎಂದೆಂದಿಗೂ ಖಾಲಿಯೇ ಇರುತ್ತವೆ, ನಾಲ್ಕು ಕಾಲುಭಾಗಗಳು ಒಂದನ್ನೊಂದು ಮುಟ್ಟುವುದೇ ಇಲ್ಲ. ಮಕ್ಕಳಿಗೆ ಪಲ್ಸರ್‌ಗಿಂತ ಮೊದಲು ಈ ವಾದವನ್ನೇ ಹೇಳಿ, ತುಂಬಾ ಇಷ್ಟಪಡುತ್ತಾರೆ.

7 ಅಡ್ಡ 7ರ ಚೌಕ ಬರೆಸಿ, ಅದರ ಹೊರಗೆಲ್ಲ ಖಾಲಿ ಅಂತ ಇಟ್ಟುಕೊಳ್ಳಿ. ಎರಡನೇ ಮತ್ತು ಏಳನೇ ಅಡ್ಡಸಾಲಿನಲ್ಲಿ 4, 5, 6ನೇ ಮನೆಗಳನ್ನು ತುಂಬಿಸಿ. ಎರಡನೇ ಮತ್ತು ಏಳನೇ ಕಂಬಸಾಲಿನಲ್ಲೂ 4, 5, 6ನೇ ಮನೆಗಳನ್ನು ತುಂಬಿಸಿ. ಒಟ್ಟು 12 ಆಯಿತು. ಮುಂದಿನ ತಲೆಮಾರಿನಲ್ಲಿ 14 ಬರಬೇಕು, ಅದರ ಮುಂದೆ 18, ಆಮೇಲೆ ಮತ್ತೆ ಮೊದಲಿನ 12. ನಾಲ್ಕರಿಂದ ಗುಣಿಸಿದರೆ ಪೂರ್ತಿ ಪಲ್ಸರ್‌ನ 48, 56, 72. ಎಡಮೇಲಿನ ಮೂಲೆಯಿಂದ ಓರೆಯಾಗಿ ಎಳೆದ ಗೆರೆಯ ಎರಡೂ ಕಡೆ ಚಿತ್ರ ಒಂದೇ ಥರ ಇರಬೇಕು, ಯಾರ ಹಾಳೆಯಲ್ಲಿ ಹಾಗಿಲ್ಲವೋ ಅವರು ಎಣಿಸುವಾಗ ಎಲ್ಲಿ ತಪ್ಪಿದ್ದಾರೆ ಅಂತ ಆ ಗೆರೆಯ ಮೇಲೆ ಬೆರಳಿಟ್ಟು ನೋಡಿದರೆ ಅವರಿಗೇ ಸಿಗುತ್ತದೆ.